ಲಿನಕ್ಸ್‌ನಲ್ಲಿ ಮದರ್‌ಬೋರ್ಡ್ ಸೆನ್ಸರ್‌ಗಳು: ಚಿಪ್ ಹುಡುಕುವುದರಿಂದ ಹಿಡಿದು ಅಂಕಿಗಳನ್ನು ಸರಿಯಾಗಿ ಓದುವವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಡಿಟಿಪಿ ಅಂಗಡಿ, ಅಕ್ಕಿ ಗಿರಣಿಯ ತೂಕದ ಕೋಣೆ, ಸೈಬರ್ ಸೆಂಟರ್‌ಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಇಲ್ಲವೆ ಎಳೆದೆಳೆದು ಕೆಲಸ ಮಾಡುತ್ತದೆ. ಆಗ ರ‍್ಯಾಮ್ ಬದಲಿಸುವುದು, ಓಎಸ್ ಮತ್ತೆ ಹಾಕುವುದು ಶುರುವಾಗುತ್ತದೆ. ಬೋರ್ಡಿನ ಮೇಲೆಯೇ ತಾಪ, ಫ್ಯಾನ್ ವೇಗ, ವೋಲ್ಟೇಜ್ ಅಳೆಯುವ ಚಿಪ್ ಇದೆ. ಲಿನಕ್ಸ್‌ನಲ್ಲಿ ಅದನ್ನು ಓದಲು ದುಡ್ಡೂ ಬೇಡ, ಹೆಚ್ಚು ಹೊತ್ತೂ ಬೇಡ. ಕಷ್ಟದ ಕೆಲಸ ಬೇರೆ ಇದೆ: ಪರದೆಯ ಮೇಲೆ ಬಂದ ಅಂಕಿ ಯಾವ ಜಾಗದ್ದು, ಅದನ್ನು ಎಷ್ಟು ನಂಬಬಹುದು ಎಂದು ತಿಳಿಯುವುದು. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ಅಡ್ಡಗೆರೆ, ಕೆಳಗೆರೆ, ಚುಕ್ಕೆಗಳು ಇಲ್ಲಿರುವಂತೆಯೇ ಇರಲಿ.

ಯಾವ ಅಂಕಿ ಎಲ್ಲಿಂದ ಬರುತ್ತದೆ

ಮೂರು ಮೂಲಗಳಿವೆ. ಮೊದಲನೆಯದು ಪ್ರೊಸೆಸರ್ ಒಳಗಿನ ಸೆನ್ಸರ್. ಇಂಟೆಲ್‌ಗೆ ಕೋರ್‌ಟೆಂಪ್, ಎಎಂಡಿಗೆ ಕೆ10ಟೆಂಪ್ ಎಂಬ ಡ್ರೈವರ್ (ಚಿಪ್ಪಿನ ಜೊತೆ ಮಾತಾಡುವ ತಂತ್ರಾಂಶ). ಎರಡನೆಯದು ಸೂಪರ್ ಐಓ ಚಿಪ್. ಹಳೆಯ ಮಾದರಿಯ ಕೀಬೋರ್ಡ್ ಪೋರ್ಟ್, ಸೀರಿಯಲ್ ಪೋರ್ಟ್‌ಗಳನ್ನು ನೋಡಿಕೊಳ್ಳುವ ಈ ಚಿಪ್ಪೇ ಫ್ಯಾನ್ ವೇಗ, ವೋಲ್ಟೇಜ್, ಬೋರ್ಡಿನ ತಾಪವನ್ನೂ ಅಳೆಯುತ್ತದೆ. ಗಿಗಾಬೈಟ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಐಟಿಇ ಕಂಪನಿಯದಿರುತ್ತದೆ, ಅದಕ್ಕೆ ಐಟಿ87 ಡ್ರೈವರ್. ಏಸಸ್, ಎಎಸ್‌ರಾಕ್, ಎಂಎಸ್‌ಐಗಳಲ್ಲಿ ಹೆಚ್ಚಾಗಿ ನುವೊಟಾನ್ ಇರುತ್ತದೆ, ಅದಕ್ಕೆ ಎನ್‌ಸಿಟಿ6775 ಡ್ರೈವರ್. ಹಳೆಯ ಕೆಲವು ಬೋರ್ಡುಗಳಲ್ಲಿ ವಿನ್‌ಬಾಂಡ್ ಅಥವಾ ಫಿನ್‌ಟೆಕ್ ಕಾಣುತ್ತದೆ. ಕ್ಯಾಬಿನೆಟ್ ತೆಗೆದು ಟಾರ್ಚ್ ಬಿಟ್ಟರೆ ಚಿಪ್ಪಿನ ಮೇಲೆ ಹೆಸರೂ ಸಂಖ್ಯೆಯೂ ಓದಲು ಸಿಗುತ್ತವೆ. ಮೂರನೆಯ ಮೂಲ ಡಿಸ್ಕ್. ಎನ್‌ವಿಎಂಇ ಎಸ್‌ಎಸ್‌ಡಿ ತಾಪ ಕರ್ನಲ್ (ಲಿನಕ್ಸ್‌ನ ತಿರುಳು) 5.5ರಿಂದ ತಾನಾಗಿ ಬರುತ್ತದೆ. ಸಾಟಾ ಡಿಸ್ಕಿಗೆ ಡ್ರೈವ್‌ಟೆಂಪ್ ಎಂಬ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ಡ್ರೈವರ್) ಕರ್ನಲ್ 5.6ರಿಂದ ಇದೆ, ಅದನ್ನು ನಾವೇ ಲೋಡ್ ಮಾಡಬೇಕು.

ಇವನ್ನೆಲ್ಲ ಕರ್ನಲ್ಲು /ಸಿಸ್/ಕ್ಲಾಸ್/ಎಚ್‌ಡಬ್ಲ್ಯುಮಾನ್ ಎಂಬ ಜಾಗದಲ್ಲಿ ಕಡತಗಳಾಗಿ ಇಡುತ್ತದೆ. ತಾಪ ಮಿಲಿಡಿಗ್ರಿಯಲ್ಲಿ (45000 ಎಂದರೆ 45 ಡಿಗ್ರಿ), ವೋಲ್ಟೇಜ್ ಮಿಲಿವೋಲ್ಟಿನಲ್ಲಿ, ಫ್ಯಾನ್ ನಿಮಿಷಕ್ಕೆ ಸುತ್ತಿನಲ್ಲಿ. ಸೆನ್ಸರ್ಸ್ ಎಂಬ ಆಜ್ಞೆ ಈ ಕಡತಗಳನ್ನು ಓದಿ ತೋರಿಸುತ್ತದೆ, ಅಷ್ಟೆ. ಆದ್ದರಿಂದ ಫ್ಯಾನ್ ಕಾಣದಿದ್ದರೆ ಪ್ಯಾಕೇಜ್ ತೆಗೆದು ಮತ್ತೆ ಹಾಕಿ ಫಲವಿಲ್ಲ. ತೊಂದರೆ ಕರ್ನಲ್ ಡ್ರೈವರ್‌ನಲ್ಲಿದೆ.

ಮೊದಲು ಬಯೋಸ್ ಫೋಟೊ

ಲಿನಕ್ಸ್ ಮುಟ್ಟುವ ಮುಂಚೆ ಬಯೋಸ್ (ಯಂತ್ರ ಆನ್ ಮಾಡಿದೊಡನೆ ತೆರೆಯಬಹುದಾದ, ಬೋರ್ಡಿನದೇ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಹಾರ್ಡ್‌ವೇರ್ ಮಾನಿಟರ್ ಅಥವಾ ಪಿಸಿ ಹೆಲ್ತ್ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಿಪಿಯು ತಾಪ, ಸಿಸ್ಟಮ್ ತಾಪ, ಯಾವ ಫ್ಯಾನ್ ಎಷ್ಟು ಸುತ್ತು, 12, 5, 3.3 ವೋಲ್ಟ್ ಸಾಲುಗಳು ಎಲ್ಲವೂ ಬರಲಿ. ಬೋರ್ಡ್ ತಯಾರಿಸಿದವರಿಗೆ ಮಾತ್ರ ಯಾವ ತಂತಿ ಚಿಪ್ಪಿನ ಯಾವ ಕಾಲಿಗೆ ಬಂದಿದೆ ಎಂದು ಗೊತ್ತು. ಆ ತಿಳಿವಳಿಕೆ ಬಯೋಸ್‌ನಲ್ಲಿದೆ, ಲಿನಕ್ಸ್‌ನಲ್ಲಿಲ್ಲ. ಮುಂದೆ ಹೆಸರು ಹಚ್ಚುವಾಗ ಈ ಫೋಟೊವೇ ಮುಖ್ಯ ಆಧಾರ.

ಬಯೋಸ್‌ನಲ್ಲಿ ಸಿಪಿಯು ತಾಪ ಲಿನಕ್ಸ್ ಖಾಲಿ ಕೂತಾಗಿನದಕ್ಕಿಂತ ಹೆಚ್ಚು ಕಾಣುವುದು ಸಹಜ. ಅಲ್ಲಿ ಪ್ರೊಸೆಸರ್ ವಿಶ್ರಾಂತಿ ಸ್ಥಿತಿಗೆ ಇಳಿಯುವುದಿಲ್ಲ.

ಹಾಕುವುದು, ಹುಡುಕುವುದು

ಉಬುಂಟು, ಮಿಂಟ್, ಡೆಬಿಯನ್:

ಸುಡೋ ಆಪ್ಟ್ ಇನ್‌ಸ್ಟಾಲ್ ಎಲ್‌ಎಂ-ಸೆನ್ಸರ್ಸ್

ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್. ಆ ಎರಡರಲ್ಲೂ ಹೆಸರಿನ ನಡುವೆ ಅಡ್ಡಗೆರೆಯ ಬದಲು ಕೆಳಗೆರೆ ಇದೆ: ಎಲ್‌ಎಂ_ಸೆನ್ಸರ್ಸ್.

ಹಾಕಿದ ಕೂಡಲೇ ಸೆನ್ಸರ್ಸ್ ಎಂದು ಟೈಪ್ ಮಾಡಿ ನೋಡಿ. ಸಿಪಿಯು ಮತ್ತು ಎನ್‌ವಿಎಂಇ ತಾಪ ಬಹುತೇಕ ಆಗಲೇ ಬರುತ್ತದೆ. ಫ್ಯಾನ್, ವೋಲ್ಟೇಜ್ ಬರುವುದಿಲ್ಲ. ಯುಎಸ್‌ಬಿ, ಪಿಸಿಐ ಸಾಧನಗಳು ತಮ್ಮ ಗುರುತನ್ನು ತಾವೇ ಹೇಳುತ್ತವೆ, ಸೂಪರ್ ಐಓ ಚಿಪ್ ಹೇಳುವುದಿಲ್ಲ. ಅದನ್ನು ಎರಡು ಗೊತ್ತಾದ ವಿಳಾಸಗಳಲ್ಲಿ (ಹೆಕ್ಸ್ 2ಇ ಮತ್ತು 4ಇ) ತಟ್ಟಿ ಕೇಳಬೇಕು. ಕೇಳುವ ಸ್ಕ್ರಿಪ್ಟ್ ಇದು:

ಸುಡೋ ಸೆನ್ಸರ್ಸ್-ಡಿಟೆಕ್ಟ್

ಸಾಲು ಸಾಲಾಗಿ ಪ್ರಶ್ನೆ ಬರುತ್ತವೆ. ಪ್ರತಿಯೊಂದಕ್ಕೂ ದೊಡ್ಡಕ್ಷರದಲ್ಲಿರುವ ಉತ್ತರವೇ ಡೀಫಾಲ್ಟ್. ಎಂಟರ್ ಒತ್ತುತ್ತಾ ಹೋದರೆ ಸಾಕು. ಅಪಾಯದ ಸ್ಕ್ಯಾನ್‌ಗಳಿಗೆ ಡೀಫಾಲ್ಟ್ ಉತ್ತರ ಬೇಡ ಎಂದೇ ಇರುತ್ತದೆ. ಅದನ್ನು ಬೇಕು ಎಂದು ಬದಲಿಸಬೇಡಿ. ಬಹಳ ಜನ ಎಡವುವುದು ಕೊನೆಯ ಪ್ರಶ್ನೆಯಲ್ಲಿ: ಸಿಕ್ಕ ಮಾಡ್ಯೂಲ್‌ಗಳನ್ನು /ಇಟಿಸಿ/ಮಾಡ್ಯೂಲ್ಸ್ ಕಡತಕ್ಕೆ ಸೇರಿಸಲೇ ಎಂದು ಕೇಳಿದಾಗ ಡೀಫಾಲ್ಟ್ ಇಲ್ಲ ಎಂದಿದೆ. ಅಲ್ಲಿ ಯೆಸ್ ಎಂದು ಟೈಪ್ ಮಾಡಬೇಕು. ಎಂಟರ್ ಒತ್ತಿಬಿಟ್ಟರೆ ಚಿಪ್ ಸಿಕ್ಕಿಯೂ ರೀಬೂಟ್ ನಂತರ ಅದರ ಅಂಕಿಗಳು ಕಾಣುವುದಿಲ್ಲ. ಒತ್ತಿಬಿಟ್ಟಿದ್ದರೆ ಮತ್ತೆ ಮೊದಲಿಂದ ಮಾಡಬೇಕಿಲ್ಲ. /ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ/ ಒಳಗೆ .ಕಾನ್ಫ್ ಎಂದು ಕೊನೆಯಾಗುವ ಕಡತ ಮಾಡಿ, ಮಾಡ್ಯೂಲ್ ಹೆಸರನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಅದೇ ಕೆಲಸ ಆಗುತ್ತದೆ.

ಈಗಲೇ ನೋಡಬೇಕೆಂದರೆ: ಸುಡೋ ಮಾಡ್‌ಪ್ರೋಬ್ ಎನ್‌ಸಿಟಿ6775 (ಅಥವಾ ಐಟಿ87). ನಂತರ ಮತ್ತೆ ಸೆನ್ಸರ್ಸ್.

ವರ್ಚುವಲ್ ಮಷೀನ್ ಒಳಗೆ, ವಿಂಡೋಸ್‌ನ ಡಬ್ಲ್ಯುಎಸ್‌ಎಲ್ ಒಳಗೆ ಇದಾವುದೂ ನಡೆಯದು, ಅಲ್ಲಿಗೆ ನಿಜವಾದ ಚಿಪ್ ತಲುಪುವುದೇ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಈ ಕೆಲಸವನ್ನು ಎಂಬೆಡೆಡ್ ಕಂಟ್ರೋಲರ್ ಮಾಡುತ್ತದೆ. ಡೆಲ್‌ಗೆ ಡೆಲ್-ಎಸ್‌ಎಂಎಂ-ಎಚ್‌ಡಬ್ಲ್ಯುಮಾನ್, ಥಿಂಕ್‌ಪ್ಯಾಡ್‌ಗೆ ಥಿಂಕ್‌ಪ್ಯಾಡ್_ಎಸಿಪಿಐ ಎಂಬ ಪ್ರತ್ಯೇಕ ಡ್ರೈವರ್‌ಗಳಿವೆ.

ಮಾಡ್‌ಪ್ರೋಬ್ ಒಪ್ಪದಿದ್ದಾಗ

ಬರುವ ದೋಷ ಸಂದೇಶವನ್ನು ಅಕ್ಷರ ಬಿಡದೆ ಓದಿ. ಕಾರಣ ಅದರಲ್ಲೇ ಇರುತ್ತದೆ.

«ನೋ ಸಚ್ ಡಿವೈಸ್» ಎಂದರೆ ಡ್ರೈವರ್ ಚಿಪ್ಪನ್ನು ಕಂಡಿತು, ಆದರೆ ಅದರ ಗುರುತು ಸಂಖ್ಯೆ ಪಟ್ಟಿಯಲ್ಲಿಲ್ಲ, ಇಲ್ಲವೆ ಚಿಪ್ಪೇ ಬೇರೆ ಜಾತಿಯದು. ಯುನೇಮ್ -ಆರ್ ಎಂದು ಟೈಪ್ ಮಾಡಿ ಕರ್ನಲ್ ಆವೃತ್ತಿ ನೋಡಿ. ಬೋರ್ಡ್ ಹೊಸದು, ಕರ್ನಲ್ ಹಳೆಯದು ಎಂಬುದೇ ಬಹುಪಾಲು ಕಾರಣ. ಉಬುಂಟು ಎಲ್‌ಟಿಎಸ್‌ನಲ್ಲಿ ಎಚ್‌ಡಬ್ಲ್ಯುಇ ಕರ್ನಲ್, ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಕರ್ನಲ್ (ಎರಡೂ ಆ ಆವೃತ್ತಿಗೆಂದೇ ಕೊಡುವ ಹೊಸ ಕರ್ನಲ್‌ಗಳು) ಹಾಕಿ ನೋಡಿ. ಸೆನ್ಸರ್ಸ್-ಡಿಟೆಕ್ಟ್ «ಟು ಬಿ ರಿಟನ್» (ಡ್ರೈವರ್ ಇನ್ನೂ ಬರೆಯಬೇಕಿದೆ) ಎಂದರೂ ಎದೆಗುಂದಬೇಡಿ. ಸ್ಕ್ರಿಪ್ಟಿನ ಪಟ್ಟಿ ಹಳೆಯದಾಗಿದ್ದು, ಕರ್ನಲ್ಲಿನಲ್ಲಿ ಡ್ರೈವರ್ ಬಂದಿರುವುದು ಎಷ್ಟೋ ಸಲ ಇರುತ್ತದೆ. ಫೋರ್ಸ್_ಐಡಿ ಎಂಬ ಆಯ್ಕೆ ಕೊಟ್ಟು ಬೇರೆ ಚಿಪ್ಪಿನ ಹೆಸರಿನಲ್ಲಿ ಡ್ರೈವರ್ ಲೋಡ್ ಮಾಡಿಸುವ ದಾರಿಯೂ ಇದೆ. ತಾಪ ಓದಲು ಒಮ್ಮೊಮ್ಮೆ ಸರಿಹೋದೀತು. ಆದರೆ ಹಾಗೆ ಬಂದ ವೋಲ್ಟೇಜನ್ನು ನಂಬಬಾರದು, ಆ ಸ್ಥಿತಿಯಲ್ಲಿ ಫ್ಯಾನ್ ವೇಗವನ್ನಂತೂ ಬದಲಿಸಲೇಬಾರದು.

«ಡಿವೈಸ್ ಆರ್ ರಿಸೋರ್ಸ್ ಬಿಝಿ» ಎಂದರೆ ವಿಷಯ ಬೇರೆ. ಸುಡೋ ಡಿಮೆಸೇಜ್ (ಟೈಪ್ ಮಾಡುವಾಗ ಡಿ-ಎಂ-ಇ-ಎಸ್-ಜಿ) ಕೊಟ್ಟು ಕೊನೆಯ ಸಾಲುಗಳನ್ನು ನೋಡಿದರೆ ಎಸಿಪಿಐ (ಪವರ್, ಹಾರ್ಡ್‌ವೇರ್ ನೋಡಿಕೊಳ್ಳಲು ಬಯೋಸ್ ಒದಗಿಸುವ ವ್ಯವಸ್ಥೆ) ರಿಸೋರ್ಸ್ ಸಂಘರ್ಷದ ಎಚ್ಚರಿಕೆ ಸಿಗುತ್ತದೆ. ಬಯೋಸ್‌ನ ಎಸಿಪಿಐ ಕೋಡ್ ಆ ಪೋರ್ಟ್ ವಿಳಾಸಗಳನ್ನು ತನ್ನದೆಂದು ಬರೆದುಕೊಂಡಿದೆ. ಈ ಚಿಪ್ಪನ್ನು ಓದುವುದು ಎರಡು ಹೆಜ್ಜೆಯ ಕೆಲಸ: ಮೊದಲು ಯಾವ ರಿಜಿಸ್ಟರ್ ಎಂದು ಹೇಳಿ, ಆಮೇಲೆ ಅದರ ಬೆಲೆ ಓದಬೇಕು. ಎರಡರ ನಡುವೆ ಬಯೋಸ್ ಕೋಡ್ ನುಗ್ಗಿ ಬೇರೆ ರಿಜಿಸ್ಟರ್ ಕೇಳಿದರೆ ನಮಗೆ ತಪ್ಪು ಅಂಕಿ ಬರುತ್ತದೆ. ಬರೆಯುವ ಹೊತ್ತಿನಲ್ಲಿ ಹಾಗಾದರೆ ತಪ್ಪು ಜಾಗಕ್ಕೆ ಬರೆದಂತಾಗುತ್ತದೆ. ಅದಕ್ಕಾಗಿಯೇ ಕರ್ನಲ್ ತಡೆಯುತ್ತದೆ. ದಾಟುವ ದಾರಿಗಳನ್ನು ಈ ಕ್ರಮದಲ್ಲೇ ಪ್ರಯತ್ನಿಸಿ.

ಮೊದಲು ಕರ್ನಲ್ ಮತ್ತು ಬಯೋಸ್ ಹೊಸದು ಮಾಡಿ. ಹೊಸ ಕರ್ನಲ್‌ಗಳಲ್ಲಿ ಎನ್‌ಸಿಟಿ6775 ಡ್ರೈವರ್ ಹಲವು ಏಸಸ್ ಬೋರ್ಡುಗಳನ್ನು ಡಬ್ಲ್ಯುಎಂಐ ಮೂಲಕ, ಅಂದರೆ ಬಯೋಸ್‌ನ ಒಪ್ಪಿಗೆಯಿಂದಲೇ ಓದುತ್ತದೆ. ಗಿಗಾಬೈಟ್‌ನ ಹಲವು ಬೋರ್ಡುಗಳಿಗೆ ಗಿಗಾಬೈಟ್-ಡಬ್ಲ್ಯುಎಂಐ ಎಂಬ ಡ್ರೈವರ್ ಇದೆ. ತಾಪ ಮಾತ್ರ ಕೊಡುತ್ತದೆ, ಫ್ಯಾನ್ ಕೊಡುವುದಿಲ್ಲ. ತಾಪವೇ ಸಾಕು ಎನ್ನುವವರು ಇಲ್ಲಿಗೇ ನಿಲ್ಲಬಹುದು.

ಅದರಿಂದ ಆಗದಿದ್ದರೆ, ಐಟಿಇ ಚಿಪ್ಪಿಗೆ ಮಾತ್ರ ಅನ್ವಯಿಸುವ ಸಡಿಲಿಕೆ:

ಸುಡೋ ಮಾಡ್‌ಪ್ರೋಬ್ ಐಟಿ87 ಇಗ್ನೋರ್_ರಿಸೋರ್ಸ್_ಕಾನ್‌ಫ್ಲಿಕ್ಟ್=1

ಕೊನೆಯದು ಇಡೀ ಕರ್ನಲ್‌ಗೆ ಅನ್ವಯಿಸುವ ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್. ಇದನ್ನು /ಇಟಿಸಿ/ಡೀಫಾಲ್ಟ್/ಗ್ರಬ್ ಕಡತದಲ್ಲಿ ಕರ್ನಲ್ ಆಯ್ಕೆಗಳ ಸಾಲಿನ ಉದ್ಧರಣ ಚಿಹ್ನೆಯ ಒಳಗೆ ಸೇರಿಸಿ, ಸುಡೋ ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್ ಮಾಡಬೇಕು. ಇದರ ನಂತರ ಫ್ಯಾನ್ ಇದ್ದಕ್ಕಿದ್ದಂತೆ ನಿಲ್ಲುವುದು, ಅಂಕಿಗಳು ಹುಚ್ಚಾಪಟ್ಟೆ ಜಿಗಿಯುವುದು ಕಂಡರೆ ತಕ್ಷಣ ತೆಗೆದುಹಾಕಿ. ಬರೀ ಓದಲು ಬಳಸಿದರೆ ಅಪಾಯ ಕಡಿಮೆ. ಈ ಸ್ಥಿತಿಯಲ್ಲಿ ಫ್ಯಾನ್ ಹಿಡಿತವನ್ನು ಲಿನಕ್ಸ್‌ಗೆ ಕೊಡುವುದು ಬೇಡವೇ ಬೇಡ.

ಕರ್ನಲ್ ಹೊರಗಿನ ಡ್ರೈವರ್‌ಗಳನ್ನು ಡಿಕೆಎಂಎಸ್ (ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಟ್ಟಿಕೊಡುವ ಸಲಕರಣೆ) ಮೂಲಕ ಹಾಕಿದಾಗ ಮತ್ತೊಂದು ಸಂದೇಶ ಬರಬಹುದು: «ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್». ಸೆಕ್ಯೂರ್ ಬೂಟ್ ಆನ್ ಇರುವುದರಿಂದ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ತಳ್ಳಿಹಾಕಿದೆ. ಮಾಕ್‌ಯುಟಿಲ್ ಆಜ್ಞೆಯಿಂದ ಡಿಕೆಎಂಎಸ್‌ನ ಕೀಲಿಯನ್ನು ಸೇರಿಸಿ, ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ಅದನ್ನು ಒಪ್ಪಿಸಬೇಕು.

ಅಂಕಿಗೆ ಹೆಸರು ಹಚ್ಚುವುದು

ಈಗ ಪರದೆ ತುಂಬ ಅಂಕಿ ಬಂದಿವೆ. ಇನ್0, ಇನ್1, ಫ್ಯಾನ್2, ಆಕ್ಸ್‌ಟಿನ್3. ಒಂದು ತಾಪ 118 ಡಿಗ್ರಿ, ಇನ್ನೊಂದು ಮೈನಸ್ 60. ಮುಂದೆ ದೊಡ್ಡಕ್ಷರದಲ್ಲಿ ಅಲಾರ್ಮ್. ಗಾಬರಿ ಬೇಡ. ಚಿಪ್ಪಿಗೆ ಹಲವು ತಾಪದ ಕಾಲುಗಳಿರುತ್ತವೆ, ಬೋರ್ಡ್ ತಯಾರಕರು ಎರಡಕ್ಕೋ ಮೂರಕ್ಕೋ ಮಾತ್ರ ಥರ್ಮಿಸ್ಟರ್ (ತಾಪ ಅಳೆಯುವ ಬಿಡಿಭಾಗ) ಜೋಡಿಸಿರುತ್ತಾರೆ. ಉಳಿದವು ಗಾಳಿಯಲ್ಲಿ ತೇಲುತ್ತಾ ಬಾಯಿಗೆ ಬಂದದ್ದು ಹೇಳುತ್ತವೆ. ಅಲಾರ್ಮ್ ಕೂಡ ಬಹಳ ಸಲ ಮಿತಿಗಳು ಸೊನ್ನೆ ಎಂದು ಉಳಿದಿರುವುದರಿಂದ ಬರುತ್ತದೆ.

ಯಾವ ತಾಪ ಯಾವುದು ಎಂದು ತಿಳಿಯಲು ಭಾರ ಹಾಕಿ ನೋಡಬೇಕು. ಒಂದು ಟರ್ಮಿನಲ್‌ನಲ್ಲಿ ವಾಚ್ -ಎನ್ 2 ಸೆನ್ಸರ್ಸ್ ಓಡಲಿ. ಇನ್ನೊಂದರಲ್ಲಿ, ಸ್ಟ್ರೆಸ್-ಎನ್‌ಜಿ ಪ್ಯಾಕೇಜ್ ಹಾಕಿಕೊಂಡು:

ಸ್ಟ್ರೆಸ್-ಎನ್‌ಜಿ --ಸಿಪಿಯು 0 --ಟೈಮ್‌ಔಟ್ 5ಎಂ

ಸೊನ್ನೆ ಎಂದರೆ ಇರುವ ಎಲ್ಲ ಕೋರ್‌ಗಳು. ಕೆಲವೇ ಸೆಕೆಂಡಿನಲ್ಲಿ ಏರಿ, ನಿಲ್ಲಿಸಿದ ತಕ್ಷಣ ಇಳಿಯುವುದು ಸಿಪಿಯು. ನಿಮಿಷಗಟ್ಟಲೆ ನಿಧಾನವಾಗಿ ಏರುವುದು ಬೋರ್ಡ್ ಅಥವಾ ಪವರ್ ವಿಭಾಗ. ಐದು ನಿಮಿಷವಾದರೂ ಅಲುಗದ್ದನ್ನು, ಅರ್ಥವಿಲ್ಲದೆ ಕುಣಿಯುವುದನ್ನು ಪಟ್ಟಿಯಿಂದ ತೆಗೆಯಬಹುದು. ಫ್ಯಾನ್‌ಗಳನ್ನು ಬಯೋಸ್ ಫೋಟೊದ ಸುತ್ತುಗಳ ಜೊತೆ ಹೋಲಿಸಿ. ಅನುಮಾನ ಉಳಿದರೆ, ಪವರ್ ಆಫ್ ಮಾಡಿ ಕ್ಯಾಬಿನೆಟ್ ಫ್ಯಾನ್‌ನ ಕನೆಕ್ಟರ್ ಕಳಚಿ ಬೂಟ್ ಮಾಡಿದರೆ ಯಾವುದು ಸೊನ್ನೆಗೆ ಇಳಿಯಿತೋ ಅದೇ ಅದು. ಸಿಪಿಯು ಫ್ಯಾನನ್ನು ಮಾತ್ರ ಹೀಗೆ ಕಳಚಬೇಡಿ.

ಎಎಂಡಿಯಲ್ಲಿ ಟಿಸಿಟಿಎಲ್ ಎಂದು ಕಾಣುವುದು ಫ್ಯಾನ್ ಹಿಡಿತಕ್ಕಾಗಿ ಪ್ರೊಸೆಸರ್ ಕೊಡುವ ಅಂಕಿ. ರೈಜನ್ 7 1700ಎಕ್ಸ್, 1800ಎಕ್ಸ್‌ಗಳಲ್ಲಿ ಅದು ನಿಜವಾದ ತಾಪಕ್ಕಿಂತ 20 ಡಿಗ್ರಿ ಹೆಚ್ಚು, 2700ಎಕ್ಸ್‌ನಲ್ಲಿ 10 ಡಿಗ್ರಿ ಹೆಚ್ಚು. ಅಂಥವುಗಳಲ್ಲಿ ಟಿಡೈ ಎಂಬ ಸಾಲನ್ನು ನೋಡಿ.

ವೋಲ್ಟೇಜಿಗೆ ಲೆಕ್ಕ ಬೇಕು. ನುವೊಟಾನ್ ಚಿಪ್ 8 ಮಿಲಿವೋಲ್ಟ್ ಹೆಜ್ಜೆಯಲ್ಲಿ ಸುಮಾರು 2 ವೋಲ್ಟ್‌ವರೆಗೆ ಮಾತ್ರ ಅಳೆಯಬಲ್ಲದು. 12 ವೋಲ್ಟನ್ನು ಬೋರ್ಡಿನಲ್ಲಿ ಎರಡು ರೆಸಿಸ್ಟರ್‌ಗಳಿಂದ ಇಳಿಸಿ ಕೊಡುತ್ತಾರೆ. ಲಿನಕ್ಸ್‌ಗೆ ಆ ರೆಸಿಸ್ಟರ್‌ಗಳ ಬೆಲೆ ಗೊತ್ತಿಲ್ಲದ್ದರಿಂದ 1.82 ಎಂದು ತೋರಿಸುತ್ತದೆ. ಬಯೋಸ್‌ನಲ್ಲಿ 12.0 ಇದ್ದರೆ ಭಾಗಿಸಿ: ಸುಮಾರು 6.6. ಅಂದರೆ 56 ಕಿಲೋಓಮ್ ಮತ್ತು 10 ಕಿಲೋಓಮ್ ಜೋಡಿ. ಇದನ್ನು /ಇಟಿಸಿ/ಸೆನ್ಸರ್ಸ್.ಡಿ/ ಒಳಗೆ ಒಂದು .ಕಾನ್ಫ್ ಕಡತದಲ್ಲಿ ಬರೆಯಬೇಕು. ಮುಖ್ಯ ಕಡತವಾದ ಸೆನ್ಸರ್ಸ್3.ಕಾನ್ಫ್ ಮುಟ್ಟಬೇಡಿ, ಪ್ಯಾಕೇಜ್ ಅಪ್‌ಡೇಟ್ ಆದಾಗ ಗೊಂದಲವಾಗುತ್ತದೆ.

ಚಿಪ್ "ಎನ್‌ಸಿಟಿ6779-*"
ಲೇಬಲ್ ಇನ್4 "+12ವಿ"
ಕಂಪ್ಯೂಟ್ ಇನ್4 @*(1+(56/10)), @/(1+(56/10))
ಸೆಟ್ ಇನ್4_ಮಿನ್ 11.4
ಸೆಟ್ ಇನ್4_ಮ್ಯಾಕ್ಸ್ 12.6
ಲೇಬಲ್ ಫ್ಯಾನ್2 "ಸಿಪಿಯು ಫ್ಯಾನ್"
ಇಗ್ನೋರ್ ಟೆಂಪ್5

ಇನ್4, ಟೆಂಪ್5 ಎಂಬುವು ಇಲ್ಲಿ ಉದಾಹರಣೆ ಮಾತ್ರ. ನಿಮ್ಮ ಬೋರ್ಡಿನ ಸಂಖ್ಯೆಗಳನ್ನು ಸೆನ್ಸರ್ಸ್ -ಯು ಕೊಟ್ಟು ನೋಡಿಕೊಳ್ಳಿ. ಕಂಪ್ಯೂಟ್ ಸಾಲಿನಲ್ಲಿ ಅಲ್ಪವಿರಾಮದ ನಂತರದ ಭಾಗ ತಿರುಗುಲೆಕ್ಕ, ಮಿತಿಗಳನ್ನು ಚಿಪ್ಪಿಗೆ ಬರೆಯುವಾಗ ಬೇಕಾಗುತ್ತದೆ. ಸುಡೋ ಸೆನ್ಸರ್ಸ್ -ಎಸ್ ಕೊಟ್ಟರೆ ಮಿತಿಗಳು ಜಾರಿಯಾಗುತ್ತವೆ. ಎಟಿಎಕ್ಸ್ ಎಂಬ ಪವರ್ ಸಪ್ಲೈ ಮಾನದಂಡದ ಪ್ರಕಾರ 12, 5, 3.3 ವೋಲ್ಟ್ ಸಾಲುಗಳಿಗೆ ಶೇ. 5ರಷ್ಟು ಏರಿಳಿತದ ಅವಕಾಶವಿದೆ. 8 ಮಿಲಿವೋಲ್ಟ್ ಹೆಜ್ಜೆಯನ್ನು 6.6ರಿಂದ ಗುಣಿಸಿದರೆ 0.05 ವೋಲ್ಟ್. ಆದ್ದರಿಂದ 12.00, 12.05 ಎಂದು ಕುಣಿದರೆ ಅದು ಅಳತೆಯ ಹೆಜ್ಜೆ, ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ದೋಷವಲ್ಲ.

ನಮ್ಮ ಕಡೆ ಬಹಳ ಜನ ಕೇಳುವುದು, ಇದರಿಂದ ಗೋಡೆಯ ಕರೆಂಟಿನ ಲೋ ವೋಲ್ಟೇಜ್ ತಿಳಿಯುತ್ತದೆಯೇ ಎಂದು. ತಿಳಿಯುವುದಿಲ್ಲ. ಗೋಡೆಯಲ್ಲಿ 190 ಇದ್ದರೂ 240 ಇದ್ದರೂ ಸರಿಯಿರುವ ಎಸ್‌ಎಂಪಿಎಸ್ 12ನ್ನು 12ರಲ್ಲೇ ಇಡುತ್ತದೆ. ಭಾರ ಹಾಕಿದಾಗ ಮಾತ್ರ 12ರ ಸಾಲು 11.4ರ ಕೆಳಗೆ ಜಾರಿದರೆ ಎಸ್‌ಎಂಪಿಎಸ್ ಸೋತಿದೆ ಎಂದು ಅನುಮಾನಿಸಿ, ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳಿ. ವಿಬ್ಯಾಟ್ ಎಂಬ ಸಾಲು ಸಿಮಾಸ್ ಸೆಲ್‌ನದು. ಹೊಸ ಸಿಆರ್2032 ಸುಮಾರು 3 ವೋಲ್ಟ್ ತೋರಿಸುತ್ತದೆ. 2.7ರ ಆಸುಪಾಸಿಗೆ ಇಳಿದಿದ್ದರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ತಪ್ಪುವ ಮುಂಚೆ ಬದಲಿಸಿ.

ಕೋಣೆಯ ತಾಪ ಕಳೆದು ನೋಡಿ

ಬೆಂಗಳೂರಿನಲ್ಲಿ ಕೂತು ಬರೆದವರ ಮಿತಿಗಳನ್ನು ರಾಯಚೂರಿಗೆ ಹಾಕಿದರೆ ವರ್ಷದ ನಾಲ್ಕು ತಿಂಗಳು ಅಲಾರ್ಮ್ ಬಡಿದುಕೊಳ್ಳುತ್ತಿರುತ್ತದೆ. ಗಾಳಿಯಿಂದ ತಣಿಯುವ ಯಾವ ಚಿಪ್ಪೂ ಕೋಣೆಗಿಂತ ತಣ್ಣಗಾಗದು. ಹಾಗಾಗಿ ನೋಡಬೇಕಾದದ್ದು ವ್ಯತ್ಯಾಸ. ಕೋಣೆ 28 ಇದ್ದಾಗ ಭಾರದಲ್ಲಿ ಸಿಪಿಯು 70 ಆದರೆ ವ್ಯತ್ಯಾಸ 42. ಅದೇ ಯಂತ್ರ ಮೇ ತಿಂಗಳಲ್ಲಿ ಕೋಣೆ 41 ಇದ್ದಾಗ 83 ತೋರಿಸಿದರೆ ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ವ್ಯತ್ಯಾಸ 42ರಿಂದ 55ಕ್ಕೆ ಏರಿದ್ದರೆ ಕೆಟ್ಟಿದೆ. ಗೋಡೆಗೆ ಹಾಕುವ ಅಗ್ಗದ ಥರ್ಮಾಮೀಟರ್ ಒಂದನ್ನು ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಕಡೆ ಇಟ್ಟು, ಯಂತ್ರ ಶುಚಿಮಾಡಿದ ದಿನದ ವ್ಯತ್ಯಾಸವನ್ನು ಕ್ಯಾಬಿನೆಟ್ ಒಳಗೇ ಚೀಟಿಯಲ್ಲಿ ಅಂಟಿಸಿಡಿ.

ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಮಿತಿ ಸಾಮಾನ್ಯವಾಗಿ 100 ಡಿಗ್ರಿ ಆಸುಪಾಸು, ಕೋರ್‌ಟೆಂಪ್ ಅದನ್ನು ಕ್ರಿಟ್ ಎಂದು ಪಕ್ಕದಲ್ಲೇ ತೋರಿಸುತ್ತದೆ. ಹತ್ತಿರ ಹೋದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನ ಎಳೆದೆಳೆದು ನಡೆಯುವುದಕ್ಕೆ ಇದೇ ಕಾರಣವಿರಬಹುದು. ಜರ್ನಲ್‌ಸಿಟಿಎಲ್ -ಕೆ ಕೊಟ್ಟು ಥ್ರಾಟಲ್ ಎಂಬ ಪದ ಹುಡುಕಿದರೆ ಸಾಕ್ಷಿ ಸಿಗುತ್ತದೆ.

ತಾಪ ಏರುವ ರೀತಿಯಲ್ಲೇ ಕಾರಣ ಗೊತ್ತಾಗುತ್ತದೆ. ಸುತ್ತು ಇಳಿದು ತಾಪ ಏರಿದ್ದರೆ ಫ್ಯಾನಿನ ಬೇರಿಂಗ್ ಹೋಗಿದೆ. ಸುತ್ತು ಸರಿಯಿದ್ದೂ ತಾಪ ನಿಮಿಷಗಟ್ಟಲೆ ಏರುತ್ತಲೇ ಹೋದರೆ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಧೂಳು ಕಟ್ಟಿದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ನುಣ್ಣಗೆ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಗಂಗಾವತಿ, ಸಿಂಧನೂರಿನ ಗಿರಣಿಗಳಲ್ಲಿ ತೌಡು ಮತ್ತು ಹೊಟ್ಟಿನ ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯ ನಾರು. ನಾರು ಎಲ್ಲಕ್ಕಿಂತ ಕೆಟ್ಟದ್ದು, ಫ್ಯಾನ್ ಕೆಳಗೆ ಕಂಬಳಿಯಂತೆ ಹಾಸಿಕೊಂಡು ಗಾಳಿಯನ್ನು ಪೂರ್ತಿ ತಡೆಯುತ್ತದೆ, ಫ್ಯಾನ್ ಮಾತ್ರ ಸರಿಯಾಗಿಯೇ ತಿರುಗುತ್ತಿರುತ್ತದೆ. ಇನ್ನು ಭಾರ ಹಾಕಿದ ಒಂದೆರಡು ಸೆಕೆಂಡಿನಲ್ಲೇ 90ಕ್ಕೆ ಹಾರಿ, ನಿಲ್ಲಿಸಿದೊಡನೆ ಧೊಪ್ಪನೆ ಇಳಿದರೆ ಹೀಟ್‌ಸಿಂಕಿಗೂ ಪ್ರೊಸೆಸರ್‌ಗೂ ಸಂಪರ್ಕವಿಲ್ಲ: ಪೇಸ್ಟ್ ಒಣಗಿದೆ, ಅಥವಾ ನಾಲ್ಕು ಪಿನ್ನುಗಳಲ್ಲಿ ಒಂದು ಬಿಟ್ಟಿದೆ.

ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಏರ್ ಕೂಲರ್‌ನ ಹಸಿ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯದಿರಲಿ. ತಾಪ ಕೆಲವು ಡಿಗ್ರಿ ಇಳಿದರೂ ತೇವಕ್ಕೆ ಧೂಳು ಕೆಸರಾಗಿ ಅಂಟುತ್ತದೆ, ಆಮೇಲೆ ಊದಿದರೂ ಹೋಗದು.

ಫ್ಯಾನ್ ಹಿಡಿತ

ಬಯೋಸ್‌ನಲ್ಲಿ ಫ್ಯಾನ್ ಕರ್ವ್ ಬದಲಿಸುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಲಿನಕ್ಸ್ ಹ್ಯಾಂಗ್ ಆದರೂ ಚಿಪ್ ತನ್ನ ಪಾಡಿಗೆ ಫ್ಯಾನ್ ನಡೆಸುತ್ತದೆ. ಮೂರು ಪಿನ್ನಿನ ಫ್ಯಾನ್‌ಗೆ ಬಯೋಸ್‌ನಲ್ಲಿ ಡಿಸಿ ಮೋಡ್ (ವೋಲ್ಟೇಜ್ ಬದಲಿಸಿ ವೇಗ ಹಿಡಿಯುವುದು), ನಾಲ್ಕು ಪಿನ್ನಿನದಕ್ಕೆ ಪಿಡಬ್ಲ್ಯುಎಂ ಮೋಡ್ (ಮಿಡಿತದ ಸಂಕೇತದಿಂದ ವೇಗ ಹಿಡಿಯುವುದು) ಆಯ್ಕೆ ಮಾಡಿ. ಇದು ತಪ್ಪಿದ್ದರೆ ಮೂರು ಪಿನ್ನಿನ ಫ್ಯಾನ್ ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ.

ಬಯೋಸ್‌ನಲ್ಲಿ ಇಲ್ಲದಿದ್ದರೆ ಮಾತ್ರ ಫ್ಯಾನ್‌ಕಂಟ್ರೋಲ್ ಪ್ಯಾಕೇಜ್ ಹಾಕಿ, ಸುಡೋ ಪಿಡಬ್ಲ್ಯುಎಂಕಾನ್ಫಿಗ್ ಓಡಿಸಿ. ಅದು ಒಂದೊಂದೇ ಫ್ಯಾನನ್ನು ಕೆಲವು ಸೆಕೆಂಡು ನಿಲ್ಲಿಸಿ ಪರೀಕ್ಷಿಸುತ್ತದೆ. ಆ ಹೊತ್ತಿನಲ್ಲಿ ಯಂತ್ರದ ಮೇಲೆ ಬೇರೆ ಭಾರ ಇರಬಾರದು. ಕೇಳಿದಾಗ ಮಿನ್‌ಟೆಂಪ್ ಅನ್ನು ನಮ್ಮ ಬೇಸಿಗೆಗೆ 50, ಮ್ಯಾಕ್ಸ್‌ಟೆಂಪ್ 75 ಎಂದು ಕೊಡಬಹುದು. ಮಿನ್‌ಸ್ಟಾರ್ಟ್ ಎಂದರೆ ನಿಂತ ಫ್ಯಾನ್ ಮತ್ತೆ ತಿರುಗಲು ಬೇಕಾದ ಪಿಡಬ್ಲ್ಯುಎಂ ಬೆಲೆ (0ರಿಂದ 255ರೊಳಗೆ). ಪರೀಕ್ಷೆಯಲ್ಲಿ ಬಂದದ್ದಕ್ಕಿಂತ 20 ಹೆಚ್ಚಿಗೆ ಕೊಡಿ, ಧೂಳು ತುಂಬಿದ ಫ್ಯಾನ್‌ಗೆ ಶುರುವಿನ ತಳ್ಳು ಹೆಚ್ಚು ಬೇಕು. ರೀಬೂಟ್ ನಂತರ ಸೇವೆ ಶುರುವಾಗದಿದ್ದರೆ ಎಚ್‌ಡಬ್ಲ್ಯುಮಾನ್2 ಇದ್ದದ್ದು ಎಚ್‌ಡಬ್ಲ್ಯುಮಾನ್3 ಆಗಿರುತ್ತದೆ. ಡ್ರೈವರ್‌ಗಳು ಲೋಡ್ ಆಗುವ ಸರದಿ ಬದಲಾದಾಗ ಸಂಖ್ಯೆಯೂ ಬದಲಾಗುತ್ತದೆ. ಪಿಡಬ್ಲ್ಯುಎಂಕಾನ್ಫಿಗ್ ಮತ್ತೆ ಓಡಿಸುವುದೇ ಸುಲಭ.

ದಾಖಲೆ ಇಡುವುದು

ತಾನಾಗಿ ಆಫ್ ಆಗುವ ಯಂತ್ರಕ್ಕೆ ಕ್ರೋನ್‌ಟ್ಯಾಬ್ -ಇ ತೆರೆದು ಈ ಒಂದು ಸಾಲು ಸೇರಿಸಿ:

*/5 * * * * (ಡೇಟ್; ಸೆನ್ಸರ್ಸ್) >> ~/ತಾಪ.ಲಾಗ್

ಐದು ನಿಮಿಷಕ್ಕೊಮ್ಮೆ ಸಮಯದ ಜೊತೆ ಎಲ್ಲ ಅಂಕಿಗಳೂ ಕಡತಕ್ಕೆ ಸೇರುತ್ತವೆ. ಹಾರ್ಡ್‌ಡಿಸ್ಕ್ ಇದ್ದರೆ ಡ್ರೈವ್‌ಟೆಂಪ್ ಮಾಡ್ಯೂಲನ್ನೂ ಲೋಡ್ ಮಾಡಿಡಿ. ಡೆಸ್ಕ್‌ಟಾಪ್ ಡಿಸ್ಕುಗಳಿಗೆ 60 ಡಿಗ್ರಿ ಮಿತಿ ಸಾಮಾನ್ಯ, ಕೋಣೆಯೇ 41 ಇದ್ದಾಗ ಅಲ್ಲಿಗೆ ಮುಟ್ಟುವುದು ದೂರವಿಲ್ಲ. ಮುಂದಿನ ಸಲ ಯಂತ್ರ ಆಫ್ ಆದಾಗ ಲಾಗ್‌ನ ಕೊನೆಯ ಎರಡು ದಾಖಲೆ ನೋಡಿ. ಸಿಪಿಯು ಮಿತಿಯ ಹತ್ತಿರ ಇದ್ದರೆ ಮೇಲೆ ಹೇಳಿದಂತೆ ಫ್ಯಾನ್, ಧೂಳು, ಪೇಸ್ಟ್ ಈ ಸರದಿಯಲ್ಲಿ ಪರೀಕ್ಷಿಸಿ. 60, 65ರಲ್ಲೇ ಇದ್ದು ಆಫ್ ಆಗಿದ್ದರೆ ಸಿಪಿಯು ಶಾಖದ ವಿಚಾರ ಬಿಡಿ. ಕರೆಂಟ್ ಹೋದ ಗಳಿಗೆಗೂ ಆಫ್ ಆದ ಗಳಿಗೆಗೂ ತಾಳೆ ಹಾಕಿ, ಮೊದಲು ಯುಪಿಎಸ್ ಬ್ಯಾಟರಿಯನ್ನು, ಆಮೇಲೆ ಎಸ್‌ಎಂಪಿಎಸ್ ಅನ್ನು ಬದಲಿಸಿ ನೋಡಿ.